ಪರಿಶೀಲನೆಯಲ್ಲಿದ್ದ ಅಕ್ಕ ತಮ್ಮ

ನಾನು ಹೆಚ್ಚು ಮಾತನಾಡುವವನಲ್ಲ. ಮಾತು ಕಡಿಮೆಯಾದರೆ ಎಡವಟ್ಟೂ ಕಡಿಮೆಯಾಗುತ್ತದೆ ಎಂದು ನಂಬಿಕೊಂಡು ದೆಹಲಿಯಲ್ಲಿ ಇಪ್ಪತ್ತೆರಡು ವರ್ಷ ಸರ್ಕಾರಿ ನೌಕರಿ ಮಾಡಿದೆ. ಆದರೆ ಒಡಹುಟ್ಟಿದವರು ಮೂವರಿರುವಾಗ ಎಡವಟ್ಟಿಗೆ ನಮ್ಮ ಸಹಕಾರ ಬೇಕಾಗುವುದಿಲ್ಲ. ಅದೇ ವಿಳಾಸ ಹುಡುಕಿಕೊಂಡು ಬರುತ್ತದೆ. ನಮ್ಮ ಮನೆಗೆ ಅದು ಬ್ಲಾಗಿನ ರೂಪದಲ್ಲಿ ಬಂತು.

ಜಾಗ ಮುಗಿಯಿತು

ನಾವು ನಾಲ್ವರು ಬೆಳೆದದ್ದು ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಪ್ಪ ಗೂಡ್ಸ್ ಆಫೀಸಿನ ಗುಮಾಸ್ತರು. ಅದು ಹೇಗೋ ನಾಲ್ವರೂ ದೆಹಲಿಯ ಸುತ್ತಮುತ್ತ ಬಂದು ಬಿದ್ದೆವು. ಭಾವನ ಕೆಲಸದಿಂದಾಗಿ ಅಕ್ಕ ಲೋಧಿ ಕಾಲೋನಿಯಲ್ಲಿ, ನಾನು ಆರ್.ಕೆ.ಪುರಂನಲ್ಲಿ, ತಮ್ಮ ಗುರಗಾಂವ್‌ನ ಯಾವುದೋ ಗಾಜಿನ ಕಟ್ಟಡದಲ್ಲಿ, ತಂಗಿ ನೋಯ್ಡಾದ ಕಂಪ್ಯೂಟರ್ ಕಂಪನಿಯಲ್ಲಿ. ಅರಸೀಕೆರೆಯಲ್ಲಿ ನಾಲ್ವರೂ ಒಂದೇ ಜಮಖಾನದ ಮೇಲೆ ಮಲಗುತ್ತಿದ್ದೆವು. ದೆಹಲಿಯಲ್ಲಿ ಒಬ್ಬರ ಮುಖ ಒಬ್ಬರು ನೋಡಬೇಕಾದರೆ ಎರಡು ಬಸ್ಸು, ಒಂದು ಆಟೋ, ಇಡೀ ಒಂದು ಭಾನುವಾರ ಬೇಕಾಗುತ್ತಿತ್ತು.

ಅದಕ್ಕೇ ತಂಗಿ ನಾಲ್ವರಿಗೂ ಸೇರಿ ಒಂದು ಬ್ಲಾಗ್ ಮಾಡಿದಳು. "ಮನಸ್ಸಿಗೆ ಬಂದದ್ದು ಬರೀರಿ. ಊರಿನದು, ಅಪ್ಪ ಅಮ್ಮನದು, ಏನಾದರೂ. ಉಳಿದವರು ಕೆಳಗೆ ಕಾಮೆಂಟ್ ಹಾಕಬೇಕು" ಎಂದಳು.

"ಮೂವತ್ತು ಕಿಲೋಮೀಟರಿಗೆ ಬ್ಲಾಗಾ?" ಎಂದು ಭಾವ ನಕ್ಕರು. ಅಕ್ಕ ಮಾತ್ರ ಗಂಭೀರವಾಗಿ ತೆಗೆದುಕೊಂಡಳು. ಅವಳ ಮೊದಲ ಬರಹ "ಇತ್ತ ನಾವೆಲ್ಲ ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯುವುದು" ಎಂದು ಶುರುವಾಯಿತು. ಅಮ್ಮ ಗೂಡ್ಸ್ ಗಾಡಿಯ ಸದ್ದು ಕೇಳಿ ಅಕ್ಕಿಗೆ ನೀರಿಡುತ್ತಿದ್ದದ್ದು, ಗಾಡಿ ತಡವಾದ ದಿನ ನಮಗೆ ಊಟವೂ ತಡವಾಗುತ್ತಿದ್ದದ್ದು, ಎಲ್ಲ ಸೊಗಸಾಗಿ ಬರೆದಿದ್ದಳು. ಕಥೆ ರಂಗೇರುವ ಹೊತ್ತಿಗೆ ಸರಿಯಾಗಿ "ಜಾಗ ಮುಗಿಯುತ್ತ ಬಂದದ್ದರಿಂದ ಇಲ್ಲಿಗೆ ನಿಲ್ಲಿಸುತ್ತೇನೆ" ಎಂದು ನಿಲ್ಲಿಸಿಬಿಟ್ಟಿದ್ದಳು.

ತಂಗಿ ಫೋನ್ ಮಾಡಿದಳು. "ಅಕ್ಕ, ಇದು ಇನ್‌ಲ್ಯಾಂಡ್ ಲೆಟರ್ ಅಲ್ಲ. ಬ್ಲಾಗಿನಲ್ಲಿ ಜಾಗ ಮುಗಿಯೋದೇ ಇಲ್ಲ."

ಅಕ್ಕ ಸ್ವಲ್ಪ ಯೋಚಿಸಿ ಹೇಳಿದಳು: "ಇದೆ ಅಂತ ದುಂದು ಮಾಡಬೇಕಾ?"

ವಿದೇಶೀ ಅಭಿಮಾನಿ

ನನ್ನ ಮೊದಲ ಬರಹ ಎರಡು ವಾಕ್ಯದ್ದು. "ಎಲ್ಲರೂ ಆರೋಗ್ಯ. ಧೂಳು ಜಾಸ್ತಿ." ತಮ್ಮ ಕೆಳಗೆ ಬರೆದ: "ಹವಾಮಾನ ಇಲಾಖೆಗೆ ಧನ್ಯವಾದಗಳು." ಆಮೇಲೆ ನನ್ನನ್ನು ಯಾರೂ ಬರೆಯಲು ಒತ್ತಾಯಿಸಲಿಲ್ಲ. ಆದರೆ ಅಕ್ಕನ ಅಭಿಮಾನಿಯಿಂದಾಗಿ ನನಗೊಂದು ಹುದ್ದೆ ಸಿಕ್ಕಿತು.

ಒಂದು ದಿನ ಅವಳ ಬರಹದ ಕೆಳಗೆ ಯಾರೋ ಇಂಗ್ಲಿಷಿನಲ್ಲಿ ಬರೆದಿದ್ದರು. ಅದ್ಭುತವಾದ ಬರಹ, ಇಂಥದ್ದನ್ನೇ ಬಹಳ ದಿನದಿಂದ ಹುಡುಕುತ್ತಿದ್ದೆ, ದಯವಿಟ್ಟು ಬರೆಯುತ್ತಿರಿ. ಕೆಳಗೆ ಒಂದು ಕೈಗಡಿಯಾರದ ಅಂಗಡಿಯ ವಿಳಾಸ. ಅಂಗಡಿಯ ಜಾಹೀರಾತನ್ನು ಯಂತ್ರ ತಾನೇ ಅಂಟಿಸಿಹೋಗಿತ್ತು. ಅಕ್ಕ ಅದಕ್ಕೆ ಉತ್ತರ ಬರೆದಳು: "ತುಂಬಾ ಸಂತೋಷವಾಯಿತು. ತಮ್ಮ ಊರು ಯಾವುದು? ಎಷ್ಟು ಜನ ಮಕ್ಕಳು? ದೆಹಲಿಗೆ ಬಂದರೆ ಭಾನುವಾರ ಊಟಕ್ಕೆ ಬನ್ನಿ." ಕೆಳಗೆ ಮನೆಯ ನಂಬರು, ಫೋನ್ ನಂಬರು. ಮಾರನೆಯ ದಿನ ಅಂಥದೇ ಮೂವತ್ತು ಅಭಿಮಾನಿಗಳು ಬಂದಿಳಿದರು. ಭಾವ ಕಂಗಾಲಾದರು, ಮೂವತ್ತೂ ಜನ ಊಟಕ್ಕೆ ಬಂದುಬಿಟ್ಟರೆ ಎಂದಲ್ಲ, ಕ್ವಾರ್ಟರ್ಸಿನ ನಂಬರು ಜಗತ್ತಿಗೆಲ್ಲ ಗೊತ್ತಾಯಿತಲ್ಲ ಎಂದು.

ಇನ್ನು ಮೇಲೆ ಯಾವ ಕಾಮೆಂಟೂ ಒಬ್ಬರು ನೋಡಿ ಒಪ್ಪದೆ ಬ್ಲಾಗಿನಲ್ಲಿ ಕಾಣಿಸಬಾರದು ಎಂದು ತಂಗಿ ತೀರ್ಮಾನಿಸಿದಳು. ಯಾರು ನೋಡಬೇಕು?

"ಅಣ್ಣನಿಗೇ ಕೊಡಿ," ಎಂದ ತಮ್ಮ. "ಸೆಕ್ಷನ್ ಆಫೀಸರು. ಬಂದದ್ದನ್ನು ತಡೆದಿಟ್ಟುಕೊಳ್ಳೋದರಲ್ಲಿ ಅನುಭವಸ್ಥ."

ಮೂವತ್ತೊಂದನ್ನೂ ಅಳಿಸಿಹಾಕಿದೆ. ಅಕ್ಕನಿಗೆ ಬೇಜಾರಾಯಿತು. "ಯಾರಾದರೂ ಆಗಲಿ, ಅಷ್ಟು ಹೊಗಳಿದ್ದ," ಎಂದಳು. "ನೀವು ಮೂವರು ಒಂದು ದಿನವಾದರೂ ಹೊಗಳಿದ್ದೀರಾ?"

ಗೂಡ್ಸ್ ಗಾಡಿಯಲ್ಲಿ ಅಂಕಪಟ್ಟಿ

ಆಗ ಕಂಪ್ಯೂಟರಿನಲ್ಲಿ ಕನ್ನಡದ ಅಕ್ಷರ ಮೂಡಿಸಲು ನಮಗೆ ಬರುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುತ್ತಿದ್ದೆವು. ಇದರಿಂದ ಆಗಬಹುದಾದ ಅಪಾಯ ಯಾರಿಗೂ ಹೊಳೆದಿರಲಿಲ್ಲ. ದೆಹಲಿಯಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಗಟ್ಟಿಯಾಗಿ ಓದಿಕೊಂಡು ಎಲ್ಲವನ್ನೂ ಅರ್ಥಮಾಡಿಕೊಳ್ಳುತ್ತವೆ.

ತಮ್ಮ ಒಂದು ನೆನಪು ಬರೆದ. ಅಕ್ಕ ಏಳನೇ ಕ್ಲಾಸಿನ ಗಣಿತದಲ್ಲಿ ನೂರಕ್ಕೆ ಹನ್ನೊಂದು ತೆಗೆದು ನಪಾಸಾಗಿದ್ದಳು. ಅಪ್ಪನಿಗೆ ತೋರಿಸಲಾರದೆ ಅಂಕಪಟ್ಟಿಯನ್ನು ಮಡಚಿ, ನಿಂತಿದ್ದ ಗೂಡ್ಸ್ ಗಾಡಿಯ ಡಬ್ಬಿಯೊಳಗೆ ಎಸೆದಳು. ಗಾಡಿ ಹುಬ್ಬಳ್ಳಿಗೆ ಹೊರಟುಹೋಯಿತು. ಪೀಡೆ ತೊಲಗಿತು ಎಂದು ಅವಳು ಕುಂಟಾಬಿಲ್ಲೆ ಆಡಲು ಹೋದಳು. ಮೂರನೆಯ ದಿನ ಹುಬ್ಬಳ್ಳಿಯ ಗುಮಾಸ್ತರು ಅದನ್ನು ರೈಲ್ವೆ ಲಕೋಟೆಯಲ್ಲಿಟ್ಟು, "ತಮ್ಮ ಮಗಳ ಅಮೂಲ್ಯ ದಾಖಲೆ ಸಿಕ್ಕಿದೆ" ಎಂಬ ಚೀಟಿಯೊಂದಿಗೆ ಅಪ್ಪನಿಗೆ ವಾಪಸು ಕಳಿಸಿದ್ದರು.

ನಾನು ಓದಿ ಬಹಳ ನಕ್ಕೆ. ಅದೇ ಹೊತ್ತಿಗೆ ಲೋಧಿ ಕಾಲೋನಿಯಲ್ಲಿ ಅಕ್ಕನ ಮಗಳೂ ಓದುತ್ತಿದ್ದಳು. ಹತ್ತನೇ ಕ್ಲಾಸು. ಗಣಿತದಲ್ಲಿ ಎಪ್ಪತ್ತೊಂದು ಬಂದದ್ದಕ್ಕೆ ಎರಡು ದಿನದಿಂದ ಬೈಸಿಕೊಳ್ಳುತ್ತಿದ್ದಳು. ಆ ಬೈಗುಳಕ್ಕೆಲ್ಲ "ನಿನ್ನ ವಯಸ್ಸಿನಲ್ಲಿ ಗಣಿತ ಅಂದರೆ ನಾನೇ ಫಸ್ಟು" ಎಂಬುದೇ ಪಲ್ಲವಿ.

"ಮಮ್ಮಾ, ಇಲೆವೆನ್? ಸಚ್ಚೀ?" ಎಂದಳಂತೆ ಮಗಳು.

ಅಕ್ಕ ತಮ್ಮನಿಗೆ ಫೋನ್ ಮಾಡಿ ಅದನ್ನು ತೆಗೆ ಎಂದಳು. ಅವನು "ನಡೆದದ್ದು ತಾನೆ?" ಎಂದ. ಅವಳು ಫೋನ್ ಇಟ್ಟಳು. ಅಂದಿನಿಂದ ಅವನೊಂದಿಗೆ ಮಾತು ಬಂದ್. ಮಗಳು ಆ ಪುಟವನ್ನು ಪ್ರಿಂಟ್ ತೆಗೆದು ತನ್ನ ಓದುವ ಮೇಜಿನ ಎದುರಿಗೆ ಅಂಟಿಸಿಕೊಂಡಳು. ಯಾಕೆ ಎಂದು ಭಾವ ಕೇಳಿದರೆ, "ಇನ್‌ಸ್ಪಿರೇಶನ್" ಎಂದಳು.

ಸಂಬಂಧಪಟ್ಟವರ ಗಮನಕ್ಕೆ

ಬಾಯಿಯ ಮಾತು ನಿಂತಿತು, ಕಾಮೆಂಟು ಶುರುವಾಯಿತು. ತಮ್ಮ ನಾಲ್ಕನೇ ಕ್ಲಾಸಿನವರೆಗೆ ಹಾಸಿಗೆ ಒದ್ದೆ ಮಾಡುತ್ತಿದ್ದ ಎಂದು ಅಕ್ಕ ಬರೆದಳು. ಅಕ್ಕ ಮದುವೆಯ ದಿನ ಮಂಟಪದಲ್ಲೇ ನಿದ್ದೆ ಹೋಗಿದ್ದಳು ಎಂದು ಅವನು ಬರೆದ. ಇದೆಲ್ಲ ಒಬ್ಬರದು ಇನ್ನೊಬ್ಬರ ಕಣ್ಣಿಗೆ ಬೀಳುವ ಮೊದಲು ನನ್ನ ಬಳಿ ಬರುತ್ತಿತ್ತು. ನನಗೆ ಭಯವಾಯಿತು. ಅಪ್ಪ ಅಮ್ಮ ಇಲ್ಲ. ನಾಲ್ವರಲ್ಲಿ ಇಬ್ಬರು ಹೀಗೆ ಕಡಿದುಕೊಂಡರೆ ಅರಸೀಕೆರೆಯದು ಎನ್ನುವುದು ಏನು ಉಳಿಯುತ್ತದೆ? ತಣ್ಣಗಾಗಲಿ ಎಂದು ಎಲ್ಲವನ್ನೂ ತಡೆದಿಟ್ಟೆ. ಪೂರ್ತಿ ಓದಲೂ ಹೋಗುತ್ತಿರಲಿಲ್ಲ. ಮೊದಲ ಸಾಲು ನೋಡಿದರೆ ಒಳಗೇನಿದೆ ಎಂದು ತಿಳಿಯುತ್ತದೆ, ಇದು ಕಚೇರಿಯಲ್ಲಿ ಕಲಿತದ್ದು.

"ನಾನು ಬರೆದದ್ದು ಕಾಣಿಸ್ತಾನೇ ಇಲ್ಲವಲ್ಲೋ?" ಎಂದು ಅಕ್ಕ ಕೇಳುತ್ತಿದ್ದಳು.

"ಎಲ್ಲರ ಎದುರಿಗೆ ಬೇಡ ಅಂತ ಇಟ್ಟಿದ್ದೇನೆ. ಸಂಬಂಧಪಟ್ಟವರ ಗಮನಕ್ಕೆ ತರಲಾಗುತ್ತದೆ," ಎನ್ನುತ್ತಿದ್ದೆ. ತಮ್ಮನಿಗೂ ಅದೇ ಉತ್ತರ. ಅದು ಸುಳ್ಳಲ್ಲ, ಯಾವಾಗ ಎಂದು ನಾನು ಹೇಳಿರಲಿಲ್ಲ. ಇಬ್ಬರೂ ತಮ್ಮ ಮಾತು ತಲುಪಿದೆ ಎಂದುಕೊಂಡರು.

ಹೀಗೆ ಮೂರು ವರ್ಷ. ದೀಪಾವಳಿಗೆ ಎಲ್ಲರೂ ನಮ್ಮ ಮನೆಗೆ ಬರುವುದು ರೂಢಿ. ಈಗ ಅಕ್ಕ ಬೆಳಿಗ್ಗೆ ಬಂದು ಹೋಗುತ್ತಿದ್ದಳು, ತಮ್ಮ ಸಂಜೆ ಬರುತ್ತಿದ್ದ. ನನ್ನ ಹೆಂಡತಿ ಎರಡು ಸಲ ಹೋಳಿಗೆ ತಟ್ಟುತ್ತಿದ್ದಳು.

"ನಿಮ್ಮ ತಂಗಿಯೂ ಮುನಿಸಿಕೊಂಡರೆ ಮೊದಲೇ ಹೇಳಿ," ಎಂದಳು ಒಮ್ಮೆ. "ಮೂರನೇ ಪಾಳಿಗೆ ಬೇರೆ ಹೆಂಡತಿ ನೋಡಿಕೊಳ್ಳಿ."

ಒಪ್ಪಿಗೆ

ಒಂದು ಚಳಿಗಾಲದ ಭಾನುವಾರ ಮಧ್ಯಾಹ್ನ ತಂಗಿ ಫೋನ್ ಮಾಡಿದಳು. ಬ್ಲಾಗನ್ನು ಹೊಸ ಜಾಗಕ್ಕೆ ಸಾಗಿಸುತ್ತಿದ್ದಳು. "ಅಣ್ಣ, ಇದೇನು, ನಿನ್ನ ಹತ್ತಿರ ನಲವತ್ತಮೂರು ಕಾಮೆಂಟು ಹಾಗೇ ಬಿದ್ದಿವೆ?"

"ಬೇಡದವು," ಎಂದೆ.

"ಹಾಗಾದರೆ ಅಳಿಸಿಬಿಡು. ಎಲ್ಲಕ್ಕೂ ಒಟ್ಟಿಗೆ ಗುರುತು ಹಾಕಿದೆಯಾ? ಈಗ ಮೇಲೆ ಎರಡು ಬಟನ್ ಇದೆ ನೋಡು."

ಒಂದು ಡಿಲೀಟ್, ಇನ್ನೊಂದು ಅಪ್ರೂವ್. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಒಪ್ಪಿಗೆ ಕೋರಿ ಸಾವಿರಾರು ಫೈಲು ಮೇಲಕ್ಕೆ ಕಳಿಸಿದ್ದೇನೆ. ಒಂದೇ ಏಟಿಗೆ ನಲವತ್ತಮೂರಕ್ಕೆ ಒಪ್ಪಿಗೆ ಕೊಡುವ ಅವಕಾಶ ನನ್ನ ಕೈಗೆ ಬಂದದ್ದು ಅದೇ ಮೊದಲು. ಕೈ ತಾನಾಗಿ ಅಲ್ಲಿಗೆ ಹೋಯಿತು.

"ಅಣ್ಣ," ಎಂದಳು ತಂಗಿ. "ನಲವತ್ತಮೂರೂ ಬ್ಲಾಗಿನಲ್ಲಿ ಬಂದಿವೆ. ಇಬ್ಬರೂ ಈಗ ಆನ್‌ಲೈನ್ ಇದ್ದಾರೆ."

ಫೋನಿನ ಮುಂದೆ ಕೂತೆ. ಯಾರೂ ಮಾಡಲಿಲ್ಲ. ಇನ್ನು ಈ ಜನ್ಮದಲ್ಲಿ ಇಬ್ಬರೂ ಒಂದೇ ಹೊಸಿಲು ತುಳಿಯುವುದಿಲ್ಲ ಎಂದುಕೊಂಡೆ. ಎರಡು ಗಂಟೆಯ ನಂತರ ಬಾಗಿಲು ಬಡಿದ ಸದ್ದು. ತೆಗೆದರೆ ತಮ್ಮ. ಅವನ ಪಕ್ಕದಲ್ಲಿ ಶಾಲು ಹೊದ್ದ ಅಕ್ಕ. ಗುರಗಾಂವ್‌ನಿಂದ ಬರುವಾಗ ನಮ್ಮ ಮನೆಯೇ ಮೊದಲು ಸಿಗುತ್ತದೆ. ಅವನು ನಮ್ಮನ್ನು ದಾಟಿ ಲೋಧಿ ಕಾಲೋನಿಗೆ ಹೋಗಿ, ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಹಿಂದಕ್ಕೆ ಬಂದಿದ್ದ. ಅಕ್ಕನ ಕೈಯಲ್ಲಿ ಪ್ರಿಂಟ್ ತೆಗೆದ ಒಂದು ಹಾಳೆ.

"ಓದು," ಎಂದಳು.

ಎರಡು ವರ್ಷದ ಹಿಂದೆ ತಮ್ಮ ಬರೆದದ್ದು. "ಅಕ್ಕ, ನೀನು ನಪಾಸಾದದ್ದು ನಿಜ," ಎಂದು ಶುರು. ನಾನು ಅಂದು ಅಲ್ಲಿಗೇ ನಿಲ್ಲಿಸಿದ್ದೆ. ಮುಂದಿನದನ್ನು ಈಗ ಓದಿದೆ. "ಆದರೆ ಆ ವರ್ಷ ಅಮ್ಮ ಹೆರಿಗೆಗೆ ಹೋಗಿದ್ದಳು. ನನಗೆ ಟೈಫಾಯ್ಡ್. ಪರೀಕ್ಷೆಯ ವಾರವೆಲ್ಲ ನೀನು ನನ್ನ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತಿದ್ದೆ. ಅದನ್ನು ಬಿಟ್ಟು ಹನ್ನೊಂದನ್ನು ಮಾತ್ರ ಬರೆದೆ. ತಪ್ಪಾಯಿತು."

"ಇವನು ತಪ್ಪಾಯಿತು ಅಂದಿದ್ದಾನೆ, ನನಗೆ ಗೊತ್ತೇ ಇಲ್ಲ," ಎಂದಳು ಅಕ್ಕ.

"ತಪ್ಪಾಯಿತು ಅಂದರೂ ಇವಳು ಉತ್ತರ ಕೊಡಲಿಲ್ಲ ಅಂತ ನಾನು ಎರಡು ವರ್ಷದಿಂದ ಉರೀತಿದ್ದೇನೆ," ಎಂದ ತಮ್ಮ. "ಇವಳದ್ದನ್ನೂ ತಡೆದಿದ್ದೀಯಲ್ಲ! ಹೋದ ಸಂಕ್ರಾಂತಿಗೆ, 'ಅಯೋಗ್ಯ, ಎಳ್ಳು ತೆಗೆದಿಟ್ಟಿದ್ದೇನೆ, ಬಂದು ತಿಂದು ಸಾಯಿ' ಅಂತ ಎಷ್ಟು ಪ್ರೀತಿಯಿಂದ ಕರೆದಿದ್ದಾಳೆ!"

"ಮೊದಲ ಪದ ನೋಡಿ..." ಎಂದೆ.

"ಮೊದಲ ಪದ ನೋಡಿ ಬಿಟ್ಟುಬಿಡೋದಾ?"

"ಕಚೇರಿಯಲ್ಲಿ ಅಷ್ಟೇ ಓದೋದು."

ತಮ್ಮ ಅಕ್ಕನ ಕಡೆ ತಿರುಗಿದ. "ಕೇಳಿದೆಯಾ? ದೇಶ ನಡೀತಿರೋದು ಹೀಗೆ." ಅಕ್ಕ ನಗು ತಡೆಯಲಾರದೆ ಶಾಲಿನ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಇಬ್ಬರೂ ನನ್ನನ್ನು ಒಂದು ಗಂಟೆ ಬೈದರು. ಒಬ್ಬರು ಮರೆತದ್ದನ್ನು ಇನ್ನೊಬ್ಬರು ನೆನಪಿಸಿಕೊಟ್ಟರು. ಅಷ್ಟು ಹೊಂದಾಣಿಕೆಯನ್ನು ನಾನು ಅವರಲ್ಲಿ ಚಿಕ್ಕಂದಿನಲ್ಲೂ ಕಂಡಿರಲಿಲ್ಲ. ಹೆಂಡತಿ ಉಪ್ಪಿಟ್ಟು ಮಾಡಿದಳು, ಒಂದೇ ಸಲ.

ಕತ್ತಲಾಗುವಾಗ ಹೊರಟರು. ನಾನು ಕೆಳಗಿಳಿದು ಹೋಗುವಷ್ಟರಲ್ಲಿ ಕಾರಿನಲ್ಲಿ ಕೂತು ಗಾಜು ಏರಿಸಿಕೊಂಡಿದ್ದರು. ಕಾರು ಹೊರಡಲಿಲ್ಲ. ಒಳಗೆ ಇಬ್ಬರದೂ ಬಾಯಿ ಒಟ್ಟಿಗೆ ಆಡುತ್ತಿತ್ತು. ಅಕ್ಕ ಅವನ ಭುಜಕ್ಕೆ ಪಟಪಟನೆ ಹೊಡೆಯುತ್ತಿದ್ದಳು. ಅವನು ಬೆರಳು ಮಡಚಿ ಮಡಚಿ ಏನನ್ನೋ ಅವಳಿಗೆ ತೋರಿಸುತ್ತಿದ್ದ. ಅರ್ಧ ಗಂಟೆ ಕಳೆಯಿತು. ನಮ್ಮ ಬ್ಲಾಕಿನ ಚೌಕೀದಾರ ಕೋಲು ಹಿಡಿದುಕೊಂಡು ನನ್ನ ಪಕ್ಕಕ್ಕೆ ಬಂದು ನಿಂತ.

"ಸಾಬ್, ಯೇ ದೋನೋ ಲಡ್ ರಹೇ ಹೈಂ ಕ್ಯಾ?" ಎಂದ. ಜಗಳವಾದರೆ ಹೋಗಿ ಬಿಡಿಸಲೇ ಎಂದೂ ಕೇಳಿದ.

ನಾನು ಅವನ ತೋಳು ಹಿಡಿದುಕೊಂಡೆ. "ಬೇಡ ಭಯ್ಯಾ," ಎಂದೆ. "ಮೂರು ವರ್ಷ ನಾನು ಬಿಡಿಸಿ ನೋಡಿದ್ದೇನೆ."