ಎರಡನೆಯ ಗುಂಡಿ

ಕಳ್ಳರು ಬಂಗಾರ ಕದಿಯುತ್ತಾರೆ, ಮೋಟರ್ ಪಂಪು ಕದಿಯುತ್ತಾರೆ, ಕೆಲವು ಓಣಿಗಳಲ್ಲಿ ಒಣಗಹಾಕಿದ ಅಂಗಿಯನ್ನೂ ಬಿಡುವುದಿಲ್ಲ. ಆದರೆ ಕಸ ಕದ್ದ ಕಳ್ಳರ ಸುದ್ದಿಯನ್ನು ವಿಜ್ಞಾನದ ಸೋಮಲಿಂಗ ಮಾಸ್ತರರು ಆ ಸೋಮವಾರದವರೆಗೆ ಕೇಳಿರಲಿಲ್ಲ. ಬೆಳಿಗ್ಗೆ ಎಂಟೂವರೆಗೆ ಖಾನಾಪುರದ ತಮ್ಮ ಶಾಲೆಯ ಹಿತ್ತಲಲ್ಲಿ ಸಲಿಕೆ ಹಿಡಿದು ಮೊಣಕಾಲಾಳ ಅಗೆದರೂ ಎರಡನೆಯ ಗುಂಡಿಯಲ್ಲಿ ಸಿಕ್ಕಿದ್ದು ಬರೀ ಮಣ್ಣು, ಮತ್ತು ನಿದ್ದೆ ಕೆಟ್ಟ ಒಂದು ಎರೆಹುಳ.

ಜುಲೈ ತಿಂಗಳಲ್ಲಿ ಮಾಸ್ತರರು ಮಕ್ಕಳ ಕೈಯಿಂದ ಎರಡು ಗುಂಡಿ ತೋಡಿಸಿದ್ದರು. ಮೊದಲನೆಯದರಲ್ಲಿ ಬಾಳೆಸಿಪ್ಪೆ, ಕಾಯಿಪಲ್ಯದ ಕಸ, ಬಾಡಿದ ಚೆಂಡುಹೂವು. ಎರಡನೆಯದರಲ್ಲಿ ನಲವತ್ತು ಹಾಲಿನ ಪಾಕೀಟು. ಮೇಲೆ ಎರಡು ಬೋರ್ಡು: ‘ಇದು ಕೊಳೆತು ಗೊಬ್ಬರವಾಗುತ್ತದೆ’, ‘ಇದು ನೂರಾರು ವರ್ಷ ಕೊಳೆಯುವುದಿಲ್ಲ’. ಆರು ತಿಂಗಳಾದ ಮೇಲೆ ಎರಡನ್ನೂ ತೆಗೆದು ತೋರಿಸಿದರೆ ಮಕ್ಕಳು ಜನ್ಮದಲ್ಲಿ ಮರೆಯುವುದಿಲ್ಲ ಎಂಬುದು ಲೆಕ್ಕಾಚಾರ.

ಆ ದಿನ ಹನ್ನೊಂದಕ್ಕೆ ಗುಂಡಿ ನೋಡಲು ಜಿಲ್ಲಾ ಕಚೇರಿಯಿಂದ ಪೂನಮ ಮೇಡಂ ಬರುವವರಿದ್ದರು. ಬೆಳಗಾವಿಯ ತರಬೇತಿ ಕೇಂದ್ರದಲ್ಲಿ ಮಾಸ್ತರುಗಳಿಗೆ ಕಸದ ಪಾಠ ಹೇಳಿಕೊಡಲು ಅವರಿಗೆ ಒಬ್ಬರು ಬೇಕಾಗಿದ್ದರು. ಹೆಸರಿಗೆ ಮೂರು ತಿಂಗಳ ನಿಯೋಜನೆ. ಆದರೆ ಒಮ್ಮೆ ಬೆಳಗಾವಿಗೆ ಹೋಗಿ ಕೂತವರನ್ನು ಎಬ್ಬಿಸಿ ವಾಪಸು ಕಳಿಸಿದ್ದನ್ನು ಮಾಸ್ತರರು ಕಂಡಿರಲಿಲ್ಲ. ಹನ್ನೊಂದು ವರ್ಷದಿಂದ ಬೆಳಗಾವಿ-ಖಾನಾಪುರ ಬಸ್ಸಿನಲ್ಲಿ ನೇತಾಡಿ ಅವರ ಬಲಗೈ ಎಡಗೈಗಿಂತ ಉದ್ದವಾಗಿದೆ ಎಂದು ಹೆಂಡತಿ ಪ್ರಮಿಳಾ ಆಡಿಕೊಳ್ಳುತ್ತಿದ್ದಳು. ಆ ಬೆಳಿಗ್ಗೆ ಬೆಳಗಾವಿಯ ಮನೆಯಲ್ಲಿ ಡಬ್ಬಿ ಕೈಗಿಡುತ್ತ ಆಕೆ ಹೇಳಿದ್ದಿಷ್ಟೆ: “ಇವತ್ತ ಬೆಳಗಾವಿ ಆರ್ಡರ್ ತಗೊಂಡ ಬರ್ರಿ. ಇಲ್ಲಾಂದ್ರ ಆ ಬಸ್ಸಿನ್ಯಾಗ ಸಂಸಾರ ಹೂಡ್ರಿ.”

ಮೊದಲನೆಯ ಗುಂಡಿಯೇನೋ ಮಾತು ಉಳಿಸಿಕೊಂಡಿತ್ತು. ಸಲಿಕೆ ಹಾಕಿದರೆ ಕಪ್ಪನೆಯ ಗೊಬ್ಬರ, ಹೊಸಮಳೆಯ ವಾಸನೆ. ಎರಡನೆಯದೇ ಕೈಕೊಟ್ಟಿತ್ತು.

“ಏನ್ರಿ ಸರ, ಬಂಗಾರ ಹುಡಕಾಕತ್ತೀರೇನು?” ಎನ್ನುತ್ತ ಬಂದವರು ಡ್ರಿಲ್ ಮಾಸ್ತರ ಗಜಾನನ. ಕೇಳುವ ಮೊದಲೇ ಸಹಾಯ ಮಾಡುವ ಕೆಟ್ಟ ಚಟ ಅವರಿಗೆ. ಸಂಗತಿ ತಿಳಿದದ್ದೇ ಮುಖ ಅರಳಿತು. “ಸರ, ಖಾನಾಪುರ ಮಣ್ಣಿನ್ಯಾಗ ಪ್ಲಾಸ್ಟಿಕ್ ಕರಗೇತಿ ಅಂತ ಹೇಳಿಬಿಡ್ರಿ! ಪೇಪರಿನ್ಯಾಗ ಫೋಟೋ ಬರತೈತಿ!”

“ಕರಗಂಗಿಲ್ಲ ಅಂತ ನಾನ ಬೋರ್ಡ್ ಬರದೀನಿ, ಮಾರಾಯ!”

“ಹಂಗಾದ್ರ ಹೊಸಾದು ತುಂಬೂಣು. ಪ್ಲಾಸ್ಟಿಕ್ಕಿಗೇನು ಬರಗಾಲ ಬಂದೈತಿ?”

ಬಂದಿತ್ತು. ಮೇಡಂ ಬರುತ್ತಾರೆಂದು ಹಿಂದಿನ ದಿನವೇ ಶಾಲೆಯ ಅಂಗಳವನ್ನು ಕನ್ನಡಿಯಂತೆ ಗುಡಿಸಿದ್ದರು. ಒಂದು ಚಾಕಲೇಟಿನ ಹಾಳೆಯೂ ಇರಲಿಲ್ಲ. ಇಬ್ಬರೂ ಪೇಟೆಗೆ ಓಡಿದರು.

“ಒಂದಿಪ್ಪತ್ತು ಕ್ಯಾರಿಬ್ಯಾಗ್ ಕೊಡಪಾ ಅನಿಕೇತ,” ಎಂದರು ಮಾಸ್ತರರು.

ಕಿರಾಣಿ ಅಂಗಡಿಯ ಅನಿಕೇತ ಅವರನ್ನು ಮೇಲಿಂದ ಕೆಳಗೆ ನೋಡಿದ. ಹೋದ ತಿಂಗಳು ಇದೇ ಮಾಸ್ತರರು ಇನ್ನೂರು ಮಕ್ಕಳನ್ನು ಕರೆತಂದು ಅವನ ಅಂಗಡಿಯ ಮುಂದೆ ಪ್ಲಾಸ್ಟಿಕ್ ವಿರುದ್ಧ ಘೋಷಣೆ ಕೂಗಿಸಿದ್ದರು. “ನನ್ನ ಪರೀಕ್ಷಾ ಮಾಡಾಕ ಬಂದೀರಿ ಹೌದಲ್ರಿ? ಇಲ್ಲಿ ನೋಡ್ರಿ, ಅರಿವಿ ಚೀಲ. ಇಲ್ಲಿ ನೋಡ್ರಿ, ರದ್ದಿ ಪೇಪರ.”

“ಇಲ್ಲೋ, ಖರೇನ ಬೇಕಾಗ್ಯಾವ!”

“ಮೊದಲ ಎಲ್ಲಾರೂ ಹಂಗ ಅಂತಾರ್ರಿ. ಹಿಂದ ಫೋಟೋ ಹೊಡಿಯಾವ್ರು ನಿಂತಿರ್ತಾರ.”

ಮಾಸ್ತರರು ತಿರುಗಿ ನೋಡಿದರು. ಹಿಂದೆ ಗಜಾನನ ಫೋನು ಎತ್ತಿ ಹಿಡಿದು ನಿಂತಿದ್ದರು. ಪಾಪ, ಟೈಮು ನೋಡುತ್ತಿದ್ದರು. ಸುದ್ದಿ ಅವರಿಗಿಂತ ಮುಂದೆ ಓಡಿತು. ಮೂರನೆಯ ಅಂಗಡಿ ಮುಟ್ಟುವ ಹೊತ್ತಿಗೆ ಇಡೀ ಸಾಲಿನ ಅಂಗಡಿಕಾರರು ಬಟ್ಟೆ ಚೀಲಗಳನ್ನು ತೋರಣದಂತೆ ತೂಗುಹಾಕಿ, ಕೈಮುಗಿದು ನಿಂತಿದ್ದರು. ತಮ್ಮ ಪ್ರಚಾರ ಇಷ್ಟು ಫಲ ಕೊಟ್ಟದ್ದಕ್ಕೆ ನಗಬೇಕೋ ಅಳಬೇಕೋ ಮಾಸ್ತರರಿಗೆ ತಿಳಿಯಲಿಲ್ಲ.

ಉಳಿದದ್ದು ಬಸ್ ಸ್ಟ್ಯಾಂಡು. ಗಟಾರದ ಬಾಜುವಿಗೆ ಬಗ್ಗಿ ಎರಡು ಪಾಕೀಟು ಆರಿಸುವಷ್ಟರಲ್ಲಿ ಕಾಯಿಪಲ್ಯ ಮಾರುವ ಭೀಮಕ್ಕ ಬಾಯಿ ಬಾಯಿ ಬಡಿದುಕೊಂಡಳು. “ಅಯ್ಯ ನನ್ನ ಶಿವನ! ಮಾಸ್ತರ, ಪಗಾರ ಆಗಿಲ್ಲೇನ್ರಿ? ಇಂಥಾ ಹೊತ್ತು ಬರಬಾರದಾಗಿತ್ತು ನಿಮಗ!” ಬೇಡ ಬೇಡ ಎಂದರೂ ಬಿಡದೆ ಅವರ ಕಂಕುಳಲ್ಲಿ ಎರಡು ಕಟ್ಟು ಮೆಂತೆ ತುರುಕಿದಳು. ಜನ ಕೂಡಿತು.

“ದಿನಾ ಬೆಳಗಾವಿಯಿಂದ ಬರತಾರ, ಪಾಪ. ತಲಿಗೆ ಹತ್ತೇತಿ,” ಎಂದು ಯಾರೋ ರೋಗನಿದಾನ ಹೇಳಿದರು.

ಕೊನೆಗೆ ಕಾಪಾಡಿದ್ದು ಚಹಾದಂಗಡಿಯ ಬಕೆಟ್ಟು. ಅದರ ತುಂಬ ಹಾಲಿನ ಪಾಕೀಟು! ಮಾಸ್ತರರು ಎರಡೂ ಕೈಯಿಂದ ಬಾಚಿ, ಊಟದ ಡಬ್ಬಿಯ ಚೀಲಕ್ಕೆ ತುಂಬಿಕೊಂಡು ಶಾಲೆಗೆ ಓಡಿದರು. ಗುಂಡಿಗೆ ಸುರಿದು ಮಣ್ಣೆಳೆದದ್ದಾಯಿತು. ಗಜಾನನ ಅದರ ಮೇಲೆ ನಿಂತು ಎಡ-ಬಲ ಎಡ-ಬಲ ಎಂದು ತುಳಿದು ಗಟ್ಟಿ ಮಾಡಿದರು. ಅಷ್ಟರಲ್ಲಿ ಗೇಟಿನ ಬಳಿ ಜೀಪಿನ ಸದ್ದು ಕೇಳಿತು.

ಹೆಡ್ ಮಾಸ್ತರರೂ ಮಕ್ಕಳೂ ಹಿತ್ತಲಲ್ಲಿ ನೆರೆದರು. ಪೂನಮ ಮೇಡಂ ಮಾತು ಕಡಿಮೆ, ನೋಟ ಹೆಚ್ಚು. ಮೊದಲನೆಯ ಗುಂಡಿಯ ಗೊಬ್ಬರವನ್ನು ಬೆರಳಲ್ಲಿ ತಿಕ್ಕಿ, ಮೂಸಿ, “ಛಲೋ ಆಗೇತಿ,” ಎಂದರು. ಮಾಸ್ತರರ ಎದೆಯಲ್ಲಿ ಬೆಳಗಾವಿಯ ದೀಪಗಳು ಹತ್ತಿಕೊಂಡವು. ಎರಡನೆಯ ಗುಂಡಿಯಿಂದ ಎಂಟನೆಯ ತರಗತಿಯ ಸಮೃದ್ಧಿ ಒಂದು ಪಾಕೀಟು ಎತ್ತಿ ಕೊಟ್ಟಳು. ಅದರ ಮೂಲೆಯಿಂದ ಒಂದು ಹನಿ ಹಾಲು ಮೇಡಂ ಅವರ ಚಪ್ಪಲಿಯ ಮೇಲೆ ಬಿತ್ತು.

“ಸರ, ಈ ಗುಂಡಿ ಯಾವಾಗ ಮುಚ್ಚಿದ್ರಿ?”

“ಜುಲೈದಾಗ್ರಿ, ಮೇಡಂ.”

“ಇದರ ಮ್ಯಾಲ ಇವತ್ತಿನ ತಾರೀಖ ಐತಲ್ರಿ?”

ಸಹಾಯ ಮಾಡದೆ ಇರಲಾರದ ಗಜಾನನ, “ಅಡ್ವಾನ್ಸ್ ಛಾಪಿಸಿರಬೇಕ್ರಿ,” ಎಂದರು.

ಸೋಮಲಿಂಗ ಮಾಸ್ತರರು ಮಕ್ಕಳ ಕಡೆ ನೋಡಿದರು. ಇನ್ನೂರು ಜೋಡಿ ಕಣ್ಣುಗಳು ಅವರ ಮೇಲೇ ಇದ್ದವು. ಬೆಳಗಾವಿ ಬೇಕಾಗಿತ್ತು, ಬಹಳ ಬೇಕಾಗಿತ್ತು. ಆದರೆ ಆ ಕಣ್ಣುಗಳ ಮುಂದೆ ಇನ್ನೊಂದು ಸುಳ್ಳು ಬಾಯಿಗೆ ಬರಲಿಲ್ಲ. “ತಪ್ಪಾತ್ರಿ, ಮೇಡಂ. ಇವನ್ನ ಈಗ ತುಂಬೀನಿ. ನಮ್ಮ ಖರೇ ಪಾಕೀಟ ಕಳುವಾಗ್ಯಾವ.”

“ಕಳುವು ಗಿಳುವು ಅನಬ್ಯಾಡ್ರಿ ಸರ!” ಅಡುಗೆಮನೆಯ ಬಾಗಿಲಿಂದ ಧ್ವನಿ ಬಂತು. ಬಿಸಿಯೂಟದ ಮಾಯಕ್ಕ ಸೌಟು ಹಿಡಿದೇ ಹೊರಗೆ ಬಂದಳು. “ನಾನ ತಗದೇನಿ. ಹುಗಿದ ಮರುದಿನಾನ ತಗದೇನಿ.”

“ಯಾಕ ಮಾಯಕ್ಕ?” ಎಂದ ಮಾಸ್ತರರ ಧ್ವನಿಯಲ್ಲಿ ಅಳುವಿತ್ತು.

“ನೂರಾರು ವರ್ಷ ಕೊಳಿಯಂಗಿಲ್ಲ ಅಂತ ನೀವ ಮಕ್ಕಳಿಗೆ ಹೇಳಿದ್ರಿ. ನಾ ಉಳ್ಳಾಗಡ್ಡಿ ಹೆಚ್ಚಕೋತ ಕೇಳಿದ್ನಿ. ಕೊಳಿಯಂಗಿಲ್ಲಂದ್ರ ಹುಗಿಯೂದ ಯಾಕ್ರಿ? ಗಟ್ಟಿಮುಟ್ಟ ಸಾಮಾನ ಮಣ್ಣಾಗ ಹಾಕೂದು ಯಾವ ಶಾಣ್ಯಾತನ?”

ಮೇಡಂ ಹುಬ್ಬೇರಿಸಿದರು. “ತಗದು ಏನ್ಮಾಡಿದಿ?”

“ಬರ್ರಿ, ನೋಡ್ರಿ.”

ಅಡುಗೆಮನೆಯ ಹಿಂದೆ, ಮಾವಿನ ನೆರಳಿನಲ್ಲಿ, ನಲವತ್ತು ಹಾಲಿನ ಪಾಕೀಟುಗಳು ಸಾಲಾಗಿ ನಿಂತಿದ್ದವು. ಒಂದೊಂದರಲ್ಲೂ ಒಂದೊಂದು ಸಸಿ: ಕರಿಬೇವು, ಪಪಾಯಿ, ಮೆಣಸಿನಗಿಡ. ಒಳಗಿನ ಕಪ್ಪು ಗೊಬ್ಬರ ಮೊದಲನೆಯ ಗುಂಡಿಯದು. ಕೊಳೆಯುವುದನ್ನು ಕೊಳೆಯದ್ದರೊಳಗೆ ತುಂಬಿ ಮಾಯಕ್ಕ ಕಾಡು ಎಬ್ಬಿಸುತ್ತಿದ್ದಳು.

“ಹುಡುಗೂರು ಮನಿಗೆ ಸಸಿ ಒಯ್ತಾವ್ರಿ. ನೆಟ್ಟ ಮ್ಯಾಲ ಖಾಲಿ ಪಾಕೀಟ ತಂದು ಕೊಟ್ರ ಇನ್ನೊಂದು ಸಸಿ. ಇದು ಮೂರನೇ ಸುತ್ತು.” ಆಮೇಲೆ ಆಕೆಯ ಧ್ವನಿ ತುಸು ಇಳಿಯಿತು. “ಹ್ವಾದ ವರ್ಷ ನಮ್ಮ ಎಮ್ಮಿ ಸತ್ತಾಗ ಡಾಕ್ಟರು ಹೊಟ್ಟಿ ಕೊಯ್ದು ತೋರಿಸಿದ್ರು. ಒಂದು ಬುಟ್ಟಿ ತುಂಬ ಪ್ಲಾಸ್ಟಿಕ್ ಚೀಲ. ಅವತ್ತಿಂದ ಒಂದನ್ನೂ ಬೀಳಾಕ ಬಿಟ್ಟಿಲ್ರಿ.”

ಮೇಡಂ ಕುಕ್ಕರುಗಾಲಲ್ಲಿ ಕುಳಿತು ಒಂದು ಪಾಕೀಟಿನ ಮಣ್ಣು ಒರೆಸಿದರು. ಜುಲೈ ತಿಂಗಳ ತಾರೀಖು ನಿನ್ನೆ ಬರೆದಂತಿತ್ತು. “ಒಂದಕ್ಷರ ಅಳಿಸಿಲ್ಲ!” ಎಂದು ಮಕ್ಕಳಿಗೆ ಎತ್ತಿ ತೋರಿಸಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಪ್ರಯೋಗ ಗೆದ್ದಿತ್ತು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಅಡುಗೆಮನೆಯ ಹಿಂದೆ ಕಾಲಿಡದೆ ಬಸ್ಸಿನ ಕಡೆಗೇ ನೋಡುತ್ತಿದ್ದ ಮಾಸ್ತರರಿಗೆ ನಾಚಿಕೆಯೂ ಆಯಿತು, ಅದಕ್ಕಿಂತ ಹೆಚ್ಚು ಸಂತೋಷವೂ ಆಯಿತು.

ಮೇಡಂ ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಏನೋ ಬರೆದು ಹೆಡ್ ಮಾಸ್ತರರ ಕೈಗಿತ್ತರು. ಹೆಡ್ ಮಾಸ್ತರರು ಕನ್ನಡಕ ಏರಿಸಿಕೊಂಡು ಓದಿದರು: “ಬೆಳಗಾವಿ ತರಬೇತಿ ಕೇಂದ್ರಕ್ಕೆ ಮೂರು ತಿಂಗಳ ಅವಧಿಗೆ ನಿಯೋಜಿಸಲಾದವರು...” ಸೋಮಲಿಂಗ ಮಾಸ್ತರರು ಕಾಲರ್ ಸರಿಮಾಡಿಕೊಂಡರು. “...ಶ್ರೀಮತಿ ಮಾಯಕ್ಕ.”

“ಮೇಡಂ, ಆಕಿ ಕಲ್ತಿದ್ದು ನಾಕನೇ ಕ್ಲಾಸ್ ರೀ!” ಎಂದರು ಗಜಾನನ.

“ಹುಗೀರಿ ಅಂತ ಹೇಳಾವ್ರು ನನ್ನ ಕಡೆ ಭಾಳ ಮಂದಿ ಅದಾರ್ರಿ. ಹುಗಿಯೂದ ಯಾಕ ಅಂತ ಕೇಳಿದಾಕಿ ಈಕಿ ಒಬ್ಬಾಕಿ,” ಎಂದರು ಮೇಡಂ. “ಎರಡನೇ ಸಾಲೂ ಓದ್ರಿ.”

ಎರಡನೆಯ ಸಾಲಿನಲ್ಲಿ, ಮಾಯಕ್ಕ ವಾಪಸು ಬರುವ ತನಕ ಅಡುಗೆಮನೆ ಮತ್ತು ಸಸಿಗಳ ಉಸ್ತುವಾರಿ ವಿಜ್ಞಾನ ಶಿಕ್ಷಕರದು, ಹಾಜರಿ ಬೆಳಿಗ್ಗೆ ಏಳಕ್ಕೆ ಎಂದಿತ್ತು. ಜೀಪು ಧೂಳೆಬ್ಬಿಸಿ ಹೋಯಿತು.

“ಬೆಳಗಾವ್ಯಾಗ ನನಗ ಯಾರೂ ಇಲ್ರಿ. ಎಲ್ಲೆ ಇರಲಿ?” ಎಂದು ಮಾಯಕ್ಕ ಗಾಬರಿಯಾದಳು. ಅದೇ ಹೊತ್ತಿಗೆ ಪ್ರಮಿಳಾಳ ಫೋನು ಬಂತು. ಮಾಸ್ತರರು ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದರು.

“ಆಕಿನ್ನ ನಮ್ಮ ಮನಿಗೇ ಕಳಸ್ರಿ,” ಎಂದಳು ಪ್ರಮಿಳಾ. “ಬರುವಾಗ ಎರಡು ಕರಿಬೇವಿನ ಸಸಿ ತರಾಕ ಹೇಳ್ರಿ. ನಮ್ಮ ಓಣಿಗೂ ಇಂಥಾಕಿ ಒಬ್ಬಾಕಿ ಬೇಕಾಗಿತ್ತು.”

“ಮತ್ತ ನಾ? ಏಳಕ್ಕ ಇಲ್ಲಿರಬೇಕಂದ್ರ...”

“ದಿನಾ ಬಸ್ಸಿನ್ಯಾಗ ಹೋಗಿ ಏಳಕ್ಕ ಮುಟ್ಟೂದು ನಿಮ್ಮ ಕೈಲೆ ಎಲ್ಲಿ ಆಗತೈತ್ರಿ. ಅಲ್ಲೇ ಉಳೀರಿ.”

ಎಲ್ಲವನ್ನೂ ಕೇಳಿಸಿಕೊಂಡ ಮಾಯಕ್ಕ ಸೆರಗಿನ ತುದಿಯ ಗಂಟು ಬಿಚ್ಚಿ ಒಂದು ಕೀಲಿಕೈ ತೆಗೆದು ಮಾಸ್ತರರ ಅಂಗೈಯಲ್ಲಿಟ್ಟಳು.

“ನನ್ನ ಮನಿ ಖಾಲಿನ ಐತ್ರಿ ಸರ, ಆರಾಮ ಇರ್ರಿ. ಹಸಿ ಕಸಕ್ಕ ಮಣ್ಣಿನ ಮಡಕಿ, ಒಣ ಕಸಕ್ಕ ಗೋಣಿಚೀಲ. ಕಲಬೆರಕಿ ಆದ್ರ ಬಾಜು ಮನಿ ಸತ್ಯವ್ವ ಎಲ್ಲಾ ನಿಮ್ಮ ಹಾಸಿಗಿ ಮ್ಯಾಲ ಸುರದು, ಕುಂದರಿಸಿ ಆರಿಸ್ತಾಳ. ಆಕಿಗೆ ನಾನ ಕಲಿಸೇನಿ.”