ಕೂಸಿನ ಗಾಡಿ ತುಂಬ ತೆಂಗಿನಕಾಯಿ

ಕೂಸನ್ನು ಗಾಡಿಯಲ್ಲಿ ಕೂಡಿಸಿಕೊಂಡು ಸಂಜೆ ಒಂದಿಷ್ಟು ದೂರ ಅಡ್ಡಾಡಿ ಬರುವುದಕ್ಕೆ ಭೂಗೋಳದಲ್ಲಿ ಎಂ.ಎ. ಬೇಕಾಗಿಲ್ಲ. ನನ್ನ ಬಳಿ ಅದೂ ಇತ್ತು. ಹಾಗಾಗಿ ಸೋಲುವ ಸಾಧ್ಯತೆಯನ್ನು ನಾನು ಗಣನೆಗೇ ತೆಗೆದುಕೊಂಡಿರಲಿಲ್ಲ.

ಗಾಡಿ ನಾನೇ ಕೊಂಡದ್ದು, ಬಸುರಿಯಾಗಿದ್ದಾಗ, ಹುಬ್ಬಳ್ಳಿಯಲ್ಲಿ. ನಾಲ್ಕು ಪುಟ್ಟ ಗಾಲಿ, ಮೇಲೆ ಮಡಚುವ ಕೊಡೆ, ಒಳಗೆ ಮೆತ್ತನೆಯ ಹಾಸು, ಕೂಸು ಜಾರದಂತೆ ಒಂದು ಬೆಲ್ಟು. ಸೀಮಂತದ ಸೀರೆ ಯಾವ ಬಣ್ಣದ್ದು, ತೊಟ್ಟಿಲು ಯಾರ ಮನೆಯದು, ಕೂಸಿಗೆ ಯಾವ ಹೆಸರು, ಇವೆಲ್ಲವನ್ನೂ ತೀರ್ಮಾನಿಸಲು ನಮ್ಮಲ್ಲಿ ಬೇಕಾದಷ್ಟು ಹಿರಿಯರಿದ್ದರು. ಗಾಡಿಯ ಬಗ್ಗೆ ಯಾರಿಗೂ ಅಭಿಪ್ರಾಯ ಇರಲಿಲ್ಲ. ಹಾಗಾಗಿ ಅದು ನನ್ನದಾಯಿತು.

ಕೊಂಡ ಮೇಲೆ ಅದು ರಟ್ಟಿನ ಪೆಟ್ಟಿಗೆಯಲ್ಲೇ ಉಳಿಯಿತು. ನರಗುಂದದ ತವರುಮನೆಯಲ್ಲಿ ಕಿವಿಗೆ ಅರಿವೆ ಕಟ್ಟಿಕೊಂಡು ಬಾಣಂತನ ಮುಗಿಸಿದೆ. ಗಜೇಂದ್ರಗಡದ ಅತ್ತೆಮನೆಗೆ ಬಂದ ಮೇಲೂ ಬಿಸಿಲು, ಗಾಳಿ, ಧೂಳು, ದೃಷ್ಟಿ ಎಂದು ಒಂದಲ್ಲ ಒಂದು ಕಾರಣಕ್ಕೆ ಹೊಸ್ತಿಲ ಒಳಗೇ ಇದ್ದೆ. ಅಷ್ಟರಲ್ಲಿ ರಜೆ ಮುಗಿಯಿತು. ಸೋಮವಾರದಿಂದ ರೋಣದ ಕಾಲೇಜಿಗೆ ಪಾಠಕ್ಕೆ ಮರಳಬೇಕು. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ನಡುವೆ ಕೂಸು ಅತ್ತೆಯ ಕೈಯಲ್ಲಿ.

ಹಾಗಾಗಿ ಭಾನುವಾರದ ಒಂದು ಸಂಜೆ ನನಗೆ ಬೇಕಿತ್ತು. ಗಂಡ, ನಾನು, ಕೂಸು. ಗಾಡಿ ತಳ್ಳುವವಳು ನಾನು. ಕೂಸು ಮೊದಲ ಸಲ ಬೀದಿ ನೋಡುವಾಗ ಅದರ ಮುಖವನ್ನು ನಾನು ನೋಡಬೇಕು. ಇಷ್ಟೇ. ಇದಕ್ಕಿಂತ ಸಣ್ಣ ಆಸೆಯನ್ನು ಇಟ್ಟುಕೊಳ್ಳುವುದು ಕಷ್ಟ. ನಾನು ಪ್ರಯತ್ನಿಸಿ ನೋಡಿದ್ದೇನೆ.

ಕೂಸಿನ ಗಾಡಿಯೊಂದಿಗೆ ಕುಟುಂಬ ಸಮೇತ ನಡೆಯಲು ತಕ್ಕ ದಾರಿಗಳು ಯಾವುವು ಎಂದು ಯಾವುದೋ ದೂರದೇಶದವರು ಬರೆದ ಲೇಖನವನ್ನು ಮೊಬೈಲಿನಲ್ಲಿ ಓದಿದ್ದೆ. ದಾರಿ ಸಮತಟ್ಟಾಗಿರಬೇಕು, ಮೆಟ್ಟಿಲು ಇರಬಾರದು, ಕೊನೆಯಲ್ಲಿ ಕೂಡಲು ನೆರಳಿರಬೇಕು, ಕೂಸಿಗೆ ತೋರಿಸಲು ಬಾತುಕೋಳಿಗಳಿದ್ದರೆ ಉತ್ತಮ. ನಾನು ಮಾಳಿಗೆ ಹತ್ತಿ ಸಮೀಕ್ಷೆ ಮಾಡಿದೆ. ನಮ್ಮ ಓಣಿಯಿಂದ ಹಿಟ್ಟಿನ ಗಿರಣಿಯ ಮುಂದೆ ಹಾದು ಗುಡ್ಡದ ಕಡೆಗೆ ಹೋಗುವ ರಸ್ತೆಗೆ ಈಚೆಗೆ ಕಾಂಕ್ರೀಟು ಹಾಕಿದ್ದಾರೆ. ಏರಿಲ್ಲ, ಇಳಿವಿಲ್ಲ. ತುದಿಯಲ್ಲಿ ಬೇವಿನ ಮರ, ಸುತ್ತ ಕಟ್ಟೆ. ಬಾತುಕೋಳಿಯ ಜಾಗದಲ್ಲಿ ಆಡುಗಳಿದ್ದವು.

"ದಾರಿ ಎಲ್ಲಾ ನೋಡೀನ್ರಿ. ಒಂದೂ ತೆಗ್ಗಿಲ್ಲ" ಎಂದು ಗಂಡನಿಗೆ ವರದಿ ಒಪ್ಪಿಸಿದೆ.

"ಹೋಗೂಣಂತ" ಎಂದರು ಇವರು, ಮೊಬೈಲಿನಿಂದ ತಲೆ ಎತ್ತದೆ.

ಆ ಲೇಖನದಲ್ಲಿ ಒಂದು ಕೊರತೆ ಇತ್ತು. ದಾರಿಯ ಎರಡೂ ಬದಿಗೆ ಮನೆಗಳಿರುತ್ತವೆ, ಮನೆಗಳಲ್ಲಿ ಜನ ಇರುತ್ತಾರೆ ಎಂಬುದು ಅದನ್ನು ಬರೆದವರಿಗೆ ಗೊತ್ತಿರಲಿಲ್ಲ. ಅವರದು ಬಿಡಿ. ನನಗೆ ಗೊತ್ತಿರಬೇಕಿತ್ತು.

ಭಾನುವಾರ ಬಿಸಿಲು ಇಳಿಯುತ್ತಿದ್ದಂತೆ ಗಾಡಿಯನ್ನು ಪೆಟ್ಟಿಗೆಯಿಂದ ತೆಗೆದು ಅಂಗಳದಲ್ಲಿ ನಿಲ್ಲಿಸಿದೆ. ಅತ್ತೆ ಹೊರಗೆ ಬಂದರು.

"ಎಲ್ಲಿಗಿ ಹೊಂಟೀರಿ?"

"ಇಲ್ಲೇ ರೀ ಅತ್ತಿ, ಬೇವಿನ ಗಿಡದ ಮಟ."

"ಅಲ್ಲಿ ಏನೈತಿ?"

"ಏನಿಲ್ರಿ. ಸುಮ್ನ."

"ಸುಮ್ನ ಯಾರರ ಹೊಕ್ಕಾರೇನು?" ಅತ್ತೆ ಗಾಡಿಯ ಸುತ್ತ ಒಂದು ಸುತ್ತು ಬಂದರು. "ಹೊಸಾ ಗಾಡಿ. ಪೂಜಿ ಆಗೇತೇನು?"

ನಾನು ನಕ್ಕೆ. ಅತ್ತೆ ನಗಲಿಲ್ಲ. ಒಳಗೆ ಹೋಗಿ, ಇವರ ಮೋಟರ್‌ಸೈಕಲ್ಲಿಗೂ ಅದಕ್ಕೂ ಮುಂಚೆ ಮಾವನವರ ಟ್ರ್ಯಾಕ್ಟರಿಗೂ ಪೂಜೆ ಮಾಡಿದ ಅದೇ ತಾಟನ್ನು ತಂದರು. ಕೊಡೆಯ ಮೇಲೆ ವಿಭೂತಿಯ ಮೂರು ಗೆರೆ ಬಿತ್ತು. ಹಿಡಿಕೆಗೆ ಹೂವಿನ ಮಾಲೆ ಬಿತ್ತು. ಮುಂದಿನ ಗಾಲಿಯ ಕೆಳಗೆ ಲಿಂಬೆಹಣ್ಣು ಬಂತು.

"ಹಣ್ಣು ಒಡಿಬೇಕು. ಹಂಗ ಹತ್ತಿಸಿ ಹೋಗ್ರಿ."

ಟ್ರ್ಯಾಕ್ಟರಿಗೆ ಅದು ಸುಲಭ. ನನ್ನ ಗಾಡಿಯ ಗಾಲಿ ಲಿಂಬೆಹಣ್ಣಿಗಿಂತ ಸ್ವಲ್ಪವೇ ದೊಡ್ಡದು. ನಾನು ತಳ್ಳಿದೆ. ಹಣ್ಣು ಮುಂದೆ ಉರುಳಿತು. ಮತ್ತೆ ಇಟ್ಟರು, ಮತ್ತೆ ತಳ್ಳಿದೆ, ಗಾಡಿ ಹಣ್ಣಿನ ಮೇಲೆ ಹತ್ತಿ ಅಲ್ಲೇ ನಿಂತು ಒಂದು ಕಡೆಗೆ ವಾಲಿತು. ಅಂಗಳದ ಗೋಡೆಯ ಆಚೆ ನಾಲ್ಕಾರು ತಲೆಗಳು ಕಾಣಿಸಿಕೊಂಡವು. ಕೊನೆಗೆ ಇವರು ಚಪ್ಪಲಿ ಕಳಚಿ ಹಿಮ್ಮಡಿಯಿಂದ ಹಣ್ಣನ್ನು ಒಡೆದರು. ಅತ್ತೆ ಕಾಯಿ ಒಡೆದು ಒಂದು ಹೋಳನ್ನು ಗಾಡಿಯೊಳಗೆ ಇಟ್ಟರು. ಆ ದಿನ ಗಾಡಿಗೆ ಬಿದ್ದ ಮೊದಲ ಕಾಯಿ ಅದು. ಅದರ ಪಕ್ಕಕ್ಕೆ ಕೂಸನ್ನು ಮಲಗಿಸಿ, ಬೆಲ್ಟು ಹಾಕುವುದು ಹೇಗೆಂದು ಅತ್ತೆಗೆ ತೋರಿಸಿ, ಇವರೊಂದಿಗೆ ಹೊರಟೆ.

ಪಕ್ಕದ ಮನೆಯ ಕಟ್ಟೆಯ ಮೇಲೆ ನೀಲವ್ವ ಕಾಕು ಶೇಂಗಾ ಸುಲಿಯುತ್ತ ಕೂತಿದ್ದರು.

"ಏ, ನಿಂದ್ರಬೇ. ಕೂಸು ಮೊದಲನೇ ಸಲ ಹೊರಗ ಬಂದೈತಿ. ನಮ್ಮ ಬಾಗಲಾ ದಾಟಿ ಬರೇ ಕೈಲೆ ಹೊಕ್ಕೈತೇನು? ಒಳಗ ಬಾ, ಉಡಿ ತುಂಬತೀನಿ."

ಉಡಿ ತುಂಬುತ್ತೇನೆ ಎಂದವರಿಗೆ ಬೇಡ ಎಂದ ಹೆಂಗಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ನಾನು ಕೂಸನ್ನು ಗಾಡಿಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು, ಸೆರಗು ಒಡ್ಡಿ ಮಣೆಯ ಮೇಲೆ ಕೂತೆ. ಕಾಯಿ, ಅಕ್ಕಿ, ಎಲೆ ಅಡಿಕೆ, ರವಿಕೆಗೆಂದು ಕುಬಸದ ಕಣ ಎಲ್ಲ ಬಂದವು. ತೊಡೆಯ ಮೇಲೆ ಕೂಸು, ಸೆರಗಿನಲ್ಲಿ ಅಕ್ಕಿ. ಕಾಯಿಯನ್ನು ಗಾಡಿಯಲ್ಲಿಟ್ಟೆ.

ಹೊರಗೆ ಬಂದರೆ ಎದುರು ಮನೆಯ ಶಂಕ್ರವ್ವ ಕಾಕು ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಗಟಾರದ ನೀರಿನ ಜಗಳವಾದ ಮೇಲೆ ಅವರಿಗೂ ನೀಲವ್ವ ಕಾಕುವಿಗೂ ಮಾತಿಲ್ಲ.

"ಆಕಿ ಮನಿಯಾಗ ಉಡಿ ತುಂಬಿಸ್ಕೊಂಡಿ. ನಮ್ಮ ಮನಿಯಾಗ ಏನು ಕಾಯಿ ಇಲ್ಲಂತ ತಿಳದೀಯೇನು?"

ಅವರ ಮನೆಯಲ್ಲಿ ಕಾಯಿ ಇದ್ದವು. ನೀಲವ್ವ ಒಂದು ಕೊಟ್ಟಿದ್ದರೆ ಶಂಕ್ರವ್ವ ಎರಡು ಕೊಟ್ಟರು. ಅಲ್ಲಿ ಅಕ್ಕಿ ಎಂದು ಕೇಳಿ ಇಲ್ಲಿ ಗೋಧಿ ಹಾಕಿದರು, ಮೇಲೆ ಬೆಲ್ಲದ ಒಂದು ಮುದ್ದೆ. ಗಾಡಿಯಲ್ಲಿ ಕೂಸಿಗೆ ಜಾಗ ಉಳಿಯಲಿಲ್ಲ. ಹೊರಗೆ ನಿಂತು ನಿಂತು ಬೇಸತ್ತಿದ್ದ ಇವರು ಕೈ ಚಾಚಿದರು.

"ಕೂಸಿನ್ನ ಇಲ್ಲಿ ಕೊಡ. ನಾ ಹಿಂಗ ಮುಂದ ನಡದಿರ್ತೀನಿ. ನೀ ಗಾಡಿ ತಗೊಂಡು ಬಾ."

"ಎಲ್ಲಿ ನಿಂದಿರ್ತೀರಿ?"

"ಬೇವಿನ ಗಿಡದ ಕೆಳಗ."

"ನಾ ಬರೂ ಮಟ ಇರ್ರಿ ಮತ್ತ."

"ಇರ್ತೀನಿ ಮಾರಾಯ್ತಿ."

ಕೂಸನ್ನು ಕೊಟ್ಟು ಗಾಡಿಯನ್ನು ಇಟ್ಟುಕೊಂಡೆ. ಸ್ನಾತಕೋತ್ತರ ಪದವಿ ಪಡೆದ ಒಬ್ಬ ಹೆಂಗಸು, ಎರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂದಾಗ, ಕಾಯಿಗಳನ್ನು ಆರಿಸಿದಳು.

ಶಂಕ್ರವ್ವ ಕಾಕು ಮತ್ತೆ ಒಳಗೆ ಕರೆದು ಚಹಾ ಕೊಡುತ್ತ ಕೇಳಿದರು. "ಅಲ್ಲಬೇ, ಕೂಸಿನ್ನ ಬಗಲಾಗ ಎತಗೊಳ್ಳೂದು ಬಿಟ್ಟು ಈ ಗಾಡಿ ಯಾಕ? ಡಾಕ್ಟರ್ ಎತ್ತಬ್ಯಾಡಂದಾರೇನು?"

"ಇಲ್ರಿ ಕಾಕು. ಡಾಕ್ಟರ್ ಏನೂ ಹೇಳಿಲ್ರಿ."

ಇದು ಸತ್ಯವಾದ, ಖಚಿತವಾದ, ಪರಿಪೂರ್ಣವಾದ ವಾಕ್ಯ. ಇದನ್ನು ನಾನು ಆಡಬಾರದಿತ್ತು. ಮುಂದಿನ ಮನೆಗೆ ನಾನು ತಲುಪುವಷ್ಟರಲ್ಲಿ ವಾಕ್ಯ ನನಗಿಂತ ಮೊದಲೇ ಅಲ್ಲಿ ಹೋಗಿ ಕೂತಿತ್ತು. ಆ ಮನೆಯ ಬಸಮ್ಮ ಆಯಿ, ಓಣಿಗೇ ಹಿರಿಯಳು, ನನ್ನ ಕೈ ಹಿಡಿದುಕೊಂಡು ಮಣೆಯ ಮೇಲೆ ಕೂಡಿಸಿದಳು.

"ಡಾಕ್ಟರ್ ಏನೂ ಹೇಳವಲ್ರಂತಲ್ಲಬೇ. ಪಾಪ. ಕೂಸಿನ ಕಾಲಾಗ ಏನರ ದೋಷ ಐತೇನು?"

"ಕಾಲು ಚಲೋ ಅದಾವ್ರಿ ಆಯಿ. ಇನ್ನೂ ನಡಿಯಾಕ ಬರೂದಿಲ್ಲ ಅಷ್ಟ."

"ನಾನೂ ಅದನ್ನ ಹೇಳಾಕ ಹತ್ತೇನಿ. ನಡಿಯಾಕ ಬರೂದಿಲ್ಲ."

"ಆಯಿ, ಅದು ಆರು ತಿಂಗಳ ಕೂಸು. ಆರು ತಿಂಗಳಿಗೆ ಯಾವ ಕೂಸೂ ನಡಿಯೂದಿಲ್ರಿ."

"ಹೌದವ್ವಾ, ಹೌದು. ಹಂಗ ಅನಕೊಂಡು ಧೈರ್ಯಾ ತಗೋಬೇಕು. ಸವಡಿ ಊರಾಗ ನನ್ನ ಮೊಮ್ಮಗಳ ಕೂಸಿಗೂ ಹಿಂಗ ಆಗಿತ್ತು. ಎಣ್ಣಿ ತಿಕ್ಕಿ ತಿಕ್ಕಿ ಈಗ ಹಿಡದರ ಸಿಗೂದಿಲ್ಲ, ಹಂಗ ಓಡತೈತಿ. ನೀ ಅಳಬ್ಯಾಡ."

ನಾನು ಅಳುತ್ತಿರಲಿಲ್ಲ. ಆಗಿನ ತನಕ.

ಬಸಮ್ಮ ಆಯಿ ಉಡಿ ತುಂಬಿದಳು. ಎಣ್ಣೆಯ ಬಾಟಲಿಯನ್ನೂ ಕೊಟ್ಟಳು. ಅವಳ ಸೊಸೆ ನನ್ನನ್ನು ಬಾಗಿಲ ತನಕ ಕಳಿಸಲು ಬಂದು ಪಿಸುದನಿಯಲ್ಲಿ, "ಗದಗಿನ್ಯಾಗ ಒಂದ ದವಾಖಾನಿ ಐತ್ರಿ, ಎಲುಬಿಂದು. ನಾ ಅಡ್ರೆಸ್ ಕೊಡ್ತೀನಿ" ಎಂದಳು. ಬೇಡ ಎನ್ನಲು ಬಾಯಿ ತೆರೆದೆ. ನಾನು ಬಾಯಿ ತೆರೆದಾಗಲೆಲ್ಲ ಆ ಸಂಜೆ ಏನಾಗುತ್ತಿತ್ತು ಎಂಬುದು ನೆನಪಾಗಿ, ಮುಚ್ಚಿದೆ. ಅದನ್ನವಳು ದುಃಖ ಎಂದು ತಿಳಿದು ನನ್ನ ಭುಜ ತಟ್ಟಿದಳು.

ಅಲ್ಲಿಂದ ಮುಂದೆ ಯಾರ ಕಡೆಗೂ ನೋಡದೆ ಗಾಡಿ ತಳ್ಳಿದೆ. ಕರೆದವರ ಮನೆಗೆ ಹೋದರೆ ಕಾಯಿ, ಹೋಗದಿದ್ದರೆ ಸೊಕ್ಕು. ಆದರೂ ಗಿರಣಿಯ ತನಕ ಇನ್ನೂ ಎರಡು ಮನೆಯವರು ಬೀದಿಗೇ ಬಂದು ಕುಂಕುಮ ಹಚ್ಚಿ ಕಾಯಿ ಇಟ್ಟರು. ಒಬ್ಬರೂ ಕೆಟ್ಟವರಲ್ಲ. ಅದೇ ಕಷ್ಟ. ಕೆಟ್ಟವರಾಗಿದ್ದರೆ ತಪ್ಪಿಸಿಕೊಳ್ಳಬಹುದಿತ್ತು. ಕಾಯಿಗಳು ಉರುಳಿ ಬೀಳತೊಡಗಿದ್ದರಿಂದ ಅವುಗಳಿಗೆ ಬೆಲ್ಟು ಹಾಕಿದೆ. ಸರಿಯಾಗಿ ಹಿಡಿಯಿತು. ಒಳ್ಳೆಯ ಬೆಲ್ಟು.

ಬೇವಿನ ಮರ ತಲುಪಿದಾಗ ಸೂರ್ಯ ಗುಡ್ಡದ ಹಿಂದೆ ಹೋಗಿದ್ದ. ಕಟ್ಟೆ ಖಾಲಿಯಾಗಿತ್ತು. ಗಂಡನಿಲ್ಲ, ಕೂಸಿಲ್ಲ, ಆಡುಗಳೂ ಇಲ್ಲ. ಆಡುಗಳಿದ್ದವು ಎಂಬುದಕ್ಕೆ ನೆಲದ ಮೇಲೆ ಹಿಕ್ಕೆ ಮಾತ್ರ ಇತ್ತು. ಫೋನು ಮಾಡೋಣವೆಂದರೆ ಅದು ಮನೆಯಲ್ಲಿ. ಈ ಒಂದು ಸಂಜೆ ಫೋನು ಬೇಡ ಎಂದು ನಾನೇ ಬಿಟ್ಟು ಬಂದಿದ್ದೆ. ಕಟ್ಟೆಯ ಮೇಲೆ ಒಂದು ಕ್ಷಣ ಕೂತೆ. ಲೇಖನದಲ್ಲಿ ಹೇಳಿದಂತೆಯೇ ನೆರಳು ಚೆನ್ನಾಗಿತ್ತು. ಕತ್ತಲಾದ್ದರಿಂದ ಎಲ್ಲ ಕಡೆಯೂ ನೆರಳೇ.

ಮರಳುವಾಗ ಲಕ್ಕಲಕಟ್ಟಿ ಹಳ್ಳಿಯ ಕಡೆಗೆ ಹೊರಟಿದ್ದ ಮೋಟರ್‌ಸೈಕಲ್ಲೊಂದು ನನ್ನನ್ನು ದಾಟಿ ಹೋಗಿ, ನಿಂತು, ತಿರುಗಿ ಬಂತು. ಸವಾರ ಒಂದು ಕಾಲು ನೆಲಕ್ಕೂರಿ ಗಾಡಿಯೊಳಗೆ ಇಣುಕಿ ನೋಡಿದ.

"ಕಾಯಿ ಹ್ಯಾಂಗ ಕೊಟ್ರಿ ಅಕ್ಕಾರ?"

"ಮಾರಾಕ ಅಲ್ರಿ."

ಅವನು ಗಾಡಿಯನ್ನು ನೋಡಿದ. ವಿಭೂತಿ, ಹೂವಿನ ಮಾಲೆ, ಬೆಲ್ಟು ಕಟ್ಟಿದ ಕಾಯಿಗಳು, ಎಣ್ಣೆಯ ಬಾಟಲಿ, ಬೆಲ್ಲ.

"ಮಾರಾಕ ಅಲ್ಲಂದ್ರ ಮತ್ತ ಯಾಕ ತಳ್ಳಾಡಾಕ ಹತ್ತೀರಿ?"

ಕುಚೋದ್ಯವಲ್ಲ. ಅವನಿಗೆ ನಿಜವಾಗಿಯೂ ತಿಳಿಯಬೇಕಿತ್ತು. ತರಗತಿಯಲ್ಲಿ ಇಂಥ ನೇರವಾದ ಪ್ರಶ್ನೆ ಕೇಳುವ ವಿದ್ಯಾರ್ಥಿ ಸಿಕ್ಕರೆ ನನಗೆ ಸಂತೋಷವಾಗುತ್ತಿತ್ತು. ನಾನು ಪ್ರಾಮಾಣಿಕವಾಗಿ ಯೋಚಿಸಿದೆ. ಯೋಚನೆ ಮುಗಿಯುವ ಮೊದಲೇ ಅವನು "ಇರ್ಲಿ ಬಿಡ್ರಿ" ಎಂದು ಸಮಾಧಾನ ಹೇಳಿ ಹೋದ.

ಮನೆಯಲ್ಲಿ ಇವರು ಮಂಚದ ಮೇಲೆ ಆರಾಮಾಗಿ ಒರಗಿದ್ದರು. ಕೂಸು ಅತ್ತೆಯ ತೊಡೆಯ ಮೇಲೆ ನಿದ್ದೆ ಹೋಗಿತ್ತು.

"ಎಲ್ಲಿ ಉಳಿದಿ? ಕಾದು ಕಾದು ಹಿಂದಿನ ಓಣಿಯಿಂದ ಬಂದ್ವಿ" ಎಂದರು ಇವರು. "ನೀ ಹೇಳಿದ ದಾರಿ ಭಾಳ ಚಲೋ ಐತಿ ನೋಡ. ಖರೇ ಒಂದೂ ತೆಗ್ಗಿಲ್ಲ. ಗಿರಣಿ ಹತ್ರ ಎಲ್ಲಾರೂ, ಎಂಥಾ ಅಪ್ಪ ಅದಾನ, ಕೂಸಿನ್ನ ಎತಗೊಂಡು ಅಡ್ಡಾಡಸ್ತಾನ ಅಂದ್ರು."

"ಹೌದ್ರಿ?"

"ಮತ್ತ? ಆಡು ನೋಡಿ ಕೂಸು ಏನು ನಕ್ಕಿತು ಅಂತಿ! ಮೊದಲನೇ ಸಲ ಹಂಗ ಧ್ವನಿ ತಗದು ನಕ್ಕಿದ್ದು. ತಡಿ, ವಿಡಿಯೋ ಕಳಸೇನಿ, ನೋಡ."

ವಿಡಿಯೋ ನೋಡಿದೆ. ಆಡು ಬೇವಿನ ಎಲೆ ಮೆಲ್ಲುತ್ತಿದೆ. ಆಡಿನ ಮುಖ ಬಹಳ ಸ್ಪಷ್ಟವಾಗಿ ಬಂದಿದೆ. ಗಡ್ಡದ ಕೂದಲನ್ನೂ ಎಣಿಸಬಹುದು. ಚಿತ್ರದ ಆಚೆ ಎಲ್ಲೋ ಒಂದು ಕೂಸು ನಗುತ್ತಿದೆ.

ಅತ್ತೆ ಗಾಡಿಯಿಂದ ಕಾಯಿಗಳನ್ನು ಇಳಿಸುತ್ತ ಮೊದಲ ಸಲ ನನ್ನ ಆಯ್ಕೆಯನ್ನು ಹೊಗಳಿದರು. "ಎಷ್ಟ ವಜ್ಜಿ ಹಿಡೀತೈತಲ್ಲಬೇ ಇದು. ನನಗ ಗೊತ್ತ ಇದ್ದಿಲ್ಲ."

ಸೋಮವಾರ ಬೆಳಿಗ್ಗೆ ರೋಣದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಗಿರಣಿಯ ರಸ್ತೆ ಕೂಡುವಲ್ಲಿ ದನಗಳು ಅಡ್ಡ ಬಂದು ಬಸ್ಸು ನಿಂತಿತು. ಆ ಕಾಂಕ್ರೀಟು ರಸ್ತೆಯ ಮೇಲೆ ನನ್ನ ಗಾಡಿ ಬರುತ್ತಿತ್ತು. ತಳ್ಳುತ್ತಿದ್ದವರು ಅತ್ತೆ. ಪಕ್ಕದಲ್ಲಿ ಕೂಸನ್ನು ಹೆಗಲ ಮೇಲೆ ಕೂಡಿಸಿಕೊಂಡು ಇವರು. ಕೂಸು ಎರಡೂ ಕೈಗಳಿಂದ ಇವರ ತಲೆಗೂದಲು ಹಿಡಿದು ಅತ್ತಿತ್ತ ನೋಡುತ್ತಿತ್ತು. ಗಾಡಿಯಲ್ಲಿ, ಬಿಸಿಲು ತಾಗದಂತೆ ಬಿಚ್ಚಿದ ಕೊಡೆಯ ಕೆಳಗೆ, ಬೀಸಲು ಹೊರಟ ಜೋಳದ ಚೀಲ ಮಲಗಿತ್ತು.

ದಾರಿಯನ್ನು ನಾನು ಸರಿಯಾಗಿಯೇ ಆರಿಸಿದ್ದೆ. ಕುಟುಂಬ ಸಮೇತ ನಡೆಯಲು, ಗಾಡಿ ತಳ್ಳಲು ಹೇಳಿ ಮಾಡಿಸಿದಂತಿತ್ತು. ಚೀಲಕ್ಕೆ ಬೆಲ್ಟನ್ನೂ, ನಾನು ತೋರಿಸಿಕೊಟ್ಟಂತೆಯೇ, ಹಾಕಿದ್ದರು.