ಮಗ್ಗ ನಿಂತ ಹತ್ತು ನಿಮಿಷ

ಬನಹಟ್ಟಿಯ ಯಮನಪ್ಪ ಮಾಸ್ತರರು ಹಟಕ್ಕೆ ಬಿದ್ದರೆಂದರೆ ಹೆಂಡತಿ ಶೇವಂತಿಯ ಹೊರತು ಯಾರೂ ತಡೆಯಲಾರರು. ಜಮಖಂಡಿಯ ತರಬೇತಿಯಲ್ಲಿ ಯಾರೋ ಅವರ ಕಿವಿಯಲ್ಲಿ ಪಾಡ್‌ಕಾಸ್ಟ್ ಎಂಬ ಮಂತ್ರ ಊದಿದ್ದರು. ಪಾಠವನ್ನು ಮೊಬೈಲಿಗೆ ಮಾತಾಡಿ ತುಂಬಬೇಕು, ತರಗತಿಯಲ್ಲಿ ಕೇಳಿಸಬೇಕು, ಮಕ್ಕಳು ಜನ್ಮದಲ್ಲಿ ಮರೆಯುವುದಿಲ್ಲ. ಹೆಡ್‌ಮಾಸ್ತರ ಚನಮಲ್ಲಪ್ಪನವರು ಮೂಗು ಮುರಿದರು.

“ಸೋಮವಾರ ಕೇಳಸ್ರಿ. ಒಂದ ಕೂಸರ ತಿರುಗಿ ಹೇಳ್ತಂದ್ರ ಎಲ್ಲಾ ಕ್ಲಾಸಿಗೂ ಹಚ್ಚೂಣು. ಇಲ್ಲಂದ್ರ ಮೊಬೈಲ್ ಕಿಸೇದಾಗ ಇಟ್ಟ ಬೋರ್ಡಿನ ಮುಂದ ಖಡು ಹಿಡೀರಿ.”

ವೈರಿಗಳು ಮನೆಯಲ್ಲೇ ಇದ್ದರು: ಶೇವಂತಿಯ ಆಡಳಿತಕ್ಕೆ ಸೇರಿದ ನಾಲ್ಕು ಪವರ್‌ಲೂಮ್ ಮಗ್ಗಗಳು. ಹುಟ್ಟಿದಾಗಿನಿಂದ ಆ ಖಟಪಟದಲ್ಲೇ ಉಂಡು ಮಲಗಿದ ಮಾಸ್ತರರಿಗೆ ಅದು ಕೇಳಿಸುತ್ತಲೇ ಇರಲಿಲ್ಲ. ಮೊದಲ ಸಲ ಪಾಠ ತುಂಬಿದಾಗ ಮೊಬೈಲಿಗೆ ಮಾತ್ರ ಅದೊಂದೇ ಕೇಳಿಸಿತ್ತು.

“ಶೇವಂತಿ, ಹತ್ತ ನಿಮಿಷ ಮಗ್ಗ ಬಂದ್ ಮಾಡ.”

“ಹಾಡಹಗಲ, ಕರೆಂಟ್ ಇದ್ದಾಗ? ಓಣ್ಯಾಗಿನ ಮಂದಿ ಏನ ತಿಳಕೋಬೇಕ್ರಿ?”

“ಏನರೆ ತಿಳಕೊಳ್ಳಿ. ನನ್ನ ಮಾನದ ಪ್ರಶ್ನೆ ಐತಿ.”

“ನಿಮ್ಮ ಮಾನಕ್ಕ ಹತ್ತ ನಿಮಿಷ ಸಾಕಾಗ್ತಿದ್ರ ಮದಲ ಬಂದ್ ಮಾಡ್ತಿದ್ದೆ,” ಎಂದು ಗೊಣಗುತ್ತ ಶೇವಂತಿ ಮಗ್ಗ ನಿಲ್ಲಿಸಿ, ಸಿಕ್ಕ ಬಿಡುವಿನಲ್ಲಿ ಅರಿವೆ ಒಗೆಯಲು ಹಿತ್ತಲಿಗೆ ಹೋದಳು.

ದನಿ ಗೋಡೆಗೆ ಬಡಿದು ತಿರುಗಿ ಬರಬಾರದೆಂದು ತರಬೇತಿಯಲ್ಲಿ ಹೇಳಿದ್ದರಲ್ಲ, ಮಾಸ್ತರರು ನಡುಮನೆಯಲ್ಲಿ ಗೋಡೆಗೆ ಒರಗಿ, ಚಕ್ಕಳಮಕ್ಕಳ ಹಾಕಿ, ತಲೆಯ ಮೇಲಿಂದ ಬಿಳಿ ಚಾದರ ಹೊದ್ದು ಕೂತರು. ಕೃಷ್ಣಾ ಹೊಳೆಯ ಪಾಠ ಸಾಗಿತು. ಎರಡೇ ನಿಮಿಷದಲ್ಲಿ ಪಕ್ಕದ ಮನೆಯ ಮಗ್ಗ ನಿಂತಿತು, ಎದುರು ಮನೆಯದೂ ನಿಂತಿತು, ಓಣಿಗೆ ಓಣಿಯೇ ತೆಪ್ಪಗಾಯಿತು. ವಿದ್ಯೆಗೆ ಎಂಥ ಮರ್ಯಾದೆ ಎಂದು ಮಾಸ್ತರರ ಎದೆ ಉಬ್ಬಿತು. (ಆ ಓಣಿಯಲ್ಲಿ ಕರೆಂಟಿದ್ದೂ ಮಗ್ಗ ನಿಲ್ಲುವುದು ಮನೆಯಲ್ಲಿ ಯಾರಾದರೂ ಸತ್ತಾಗ ಮಾತ್ರ. ನೆರೆಯವರೂ ಕೂಡಲೇ ನಿಲ್ಲಿಸುತ್ತಾರೆ. ಸತ್ತವರನ್ನು ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಹಟದ ಭರದಲ್ಲಿ ಮಾಸ್ತರರಿಗೆ ಇದೆಲ್ಲ ಮರೆತೇ ಹೋಗಿತ್ತು.)

ಪುಟ ತಿರುವಲು ಅವರು ಮಾತು ನಿಲ್ಲಿಸಿದ್ದಾಗಲೇ ಪಕ್ಕದ ಮನೆಯ ಇಂದ್ರವ್ವ ಹೊಸ್ತಿಲು ದಾಟಿದಳು. ಚಾದರ ಕಂಡದ್ದೇ ತಡ, ಕುಸಿದು ಕೂತು ರಾಗ ತೆಗೆದಳು.

“ಹೊಳಿ ಪಾಠ ಹೇಳಾವ, ಈಸ ಬರದಾವ, ಎಲ್ಲಿ ಹೋದ್ಯೋ ಯಪ್ಪಾ... ಮಂದಿ ಮಕ್ಕಳಿಗೆ ಬಾಯಿಪಾಠ ಮಾಡಸಾವ, ಹೇಂತಿ ಹೇಳಿದ್ದ ಮರತ ಸಂತ್ಯಾಗಿಂದ ಬರೇ ಕೈಲೆ ಬರಾವ, ಎಲ್ಲಿ ಹೋದ್ಯೋ ಯಪ್ಪಾ...”

ಏಳಬೇಕಿತ್ತು. ಆದರೆ ಮುಂದೆ ಒಂದಾದರೂ ಹೊಗಳಿಕೆ ಬಂದೀತೆಂದು ಮಾಸ್ತರರು ಉಸಿರು ಬಿಗಿಹಿಡಿದು ಕಾದರು. ಬರಲಿಲ್ಲ. ಅಷ್ಟರಲ್ಲಿ ಶೇವಂತಿ ಒದ್ದೆ ಕೈಯಲ್ಲಿ ಓಡಿ ಬಂದಳು.

“ಏನ ಧಾಡಿ ಆಗೈತಿ ಇವರಿಗೆ? ಕಲ್ಲಿನಂಗ ಅದಾರ. ಚಾದರ ಹೊತ್ಕೊಂಡ ಸಾಲಿ ಪಾಠ ಹೇಳಾಕತ್ತಾರ, ಅಷ್ಟ.”

ಕೂಡಿದ ಮಂದಿಗೆಲ್ಲ ಚಹಾ ಆಯಿತು. ಮಗ್ಗ ಇನ್ನೊಮ್ಮೆ ನಿಲ್ಲಲಿಲ್ಲ.

ಅಳುವಿಗೆ ಮುಂಚಿನ ನಾಲ್ಕು ನಿಮಿಷ ಶುದ್ಧವಾಗಿದೆಯಲ್ಲ, ಅಲ್ಲಿಗೆ ನಿಲ್ಲಿಸಿದರಾಯಿತು ಎಂದು ಮಾಸ್ತರರು ಸೋಮವಾರ ಆರನೇ ತರಗತಿಯಲ್ಲಿ ಅದನ್ನೇ ಹಚ್ಚಿದರು. ಮಕ್ಕಳು ಆಕಳಿಸಿದರು. ಸರಿಯಾಗಿ ಕೇಳಬೇಕೆಂದು ಹೆಡ್‌ಮಾಸ್ತರರು ಮೊಬೈಲನ್ನು ಕೈಗೆ ತೆಗೆದುಕೊಂಡವರು, ನಾಲ್ಕು ನಿಮಿಷ ಮುಗಿದು ಮಾಸ್ತರರು ಕೈ ಚಾಚಿದರೂ ಕೊಡಲಿಲ್ಲ. ಇಂದ್ರವ್ವನ ರಾಗ ಎದ್ದಿತು. ಮಕ್ಕಳು ನೆಟ್ಟಗೆ ಕೂತರು.

“ಯಾರ ತಿರುಗಿ ಹೇಳ್ತೀರಿ?” ಎಂದರು ಹೆಡ್‌ಮಾಸ್ತರರು.

ಮುಂದಿನ ಸಾಲಿನ ಭಾಗ್ಯಾ ಎದ್ದು, ಒಂದಕ್ಷರ ಬಿಡದೆ, ರಾಗ ಸಮೇತ ಹೇಳಿದಳು. ಬಾರದ ಈಸು, ಸಂತೆಯ ಬರಿಗೈ, ಶೇವಂತಿಯ ಧಾಡಿ, ಎಲ್ಲವೂ ಬಂತು. “ಎಲ್ಲಿ ಹೋದ್ಯೋ ಯಪ್ಪಾ” ಎಂಬಲ್ಲಿ ಇಡೀ ತರಗತಿ ದನಿಗೂಡಿಸಿತು.

ಹೆಡ್‌ಮಾಸ್ತರರು ಕಣ್ಣೊರೆಸಿಕೊಂಡು ಮೊಬೈಲನ್ನು ಮೇಜಿನ ಮೇಲಿಟ್ಟರು.

“ಮಾತ ಕೊಟ್ಟೇನಿ, ಎಲ್ಲಾ ಕ್ಲಾಸಿಗೂ ಹಚ್ಚೂಣ್ರಿ ಮಾಸ್ತರ. ಪಾಠ ಮಾತ್ರ ಇಂದ್ರವ್ವನ ಕಡಿಂದ ಹೇಳಸ್ರಿ. ನೀವ ಚಾದರ ಹೊತ್ಕೊಂಡ ಸುಮ್ಮ ಕೂಡ್ರಿ.”